ಒಳ್ಳೆಯದನ್ನು ಮಾಡಲೂ ಬಲ್ಲವರಾಗಬೇಕು



ಕಳೆದ ವಾರ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪದವಿ ಓದುತ್ತಿರುವ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಳು. “ಅಮ್ಮೀ, ಇದನ್ನು ಓದುವುದು ಹೇಗೆ? ಇದರ ಅರ್ಥ ಏನು?” ಅವಳು ಬೆರಳಿಟ್ಟಿದ್ದ ಪದವನ್ನು ನಾನೂ ತಡವರಿಸಿಯೇ ಓದಿದೆ. ಅಕ್ಷರ ನೋಡಿ ಓದಿದರೆ ಒಂದು, ಉಚ್ಚಾರ ಇನ್ನೊಂದು. ಕೊನೆಗೆ ನಿಘಂಟು ತೆಗೆದು ನೋಡಿದೆವು. ‘ಸಾವ್ವಾರ್ ಫೇರ್’ ಎಂದು ಹೇಳಬೇಕಂತೆ. ಅರ್ಥ: ಯಾವ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ಮಾತಾಡಬೇಕು ಎಂಬುದನ್ನು ಬಲ್ಲ ಜಾಣತನ.

ಪದ ಫ್ರೆಂಚ್ ಭಾಷೆಯದು. ‘ಸಾವ್ವಾರ್’ ಎಂದರೆ ತಿಳಿಯುವುದು, ‘ಫೇರ್’ ಎಂದರೆ ಮಾಡುವುದು. ಎರಡೂ ಸೇರಿದರೆ ‘ಮಾಡಬಲ್ಲ ತಿಳಿವು’. ಇಂಗ್ಲಿಷಿನವರು ಇದನ್ನು ಇನ್ನೂರು ವರ್ಷಗಳಿಂದಲೂ ಹಾಗೆಯೇ ಎರವಲು ಪಡೆದು ಬಳಸುತ್ತಿದ್ದಾರೆ. ಸ್ವಾರಸ್ಯವೆಂದರೆ, ಫ್ರಾನ್ಸಿನಲ್ಲಿ ಈ ಪದವನ್ನು ಹೆಚ್ಚಾಗಿ ಬಳಸುವುದು ಕೈಕಸುಬಿಗೆ. ಬಡಗಿಯ ಕೈಚಳಕ, ಅಡುಗೆಯವರ ಕೈಗುಣ, ನೇಯುವವರ ನೈಪುಣ್ಯ, ಇವೆಲ್ಲ ಅಲ್ಲಿ ಸಾವ್ವಾರ್ ಫೇರ್. ನಾಲ್ಕು ಜನರ ನಡುವೆ ನಡೆದುಕೊಳ್ಳುವ ರೀತಿಗೆ ಅವರಲ್ಲಿ ಬೇರೆ ಪದವಿದೆ, ‘ಸಾವ್ವಾರ್ ವೀವ್ರ್’, ಅಂದರೆ ಬದುಕಲು ಬಲ್ಲ ತಿಳಿವು. ಸಮುದ್ರ ದಾಟಿ ಇಂಗ್ಲಿಷಿಗೆ ಬಂದಾಗ ಕೈಯ ಜಾಣತನದ ಪದ ನಡತೆಯ ಜಾಣತನಕ್ಕೆ ಹೆಸರಾಯಿತು.

“ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?” ಎಂದಳು ಮಗಳು. “ಚಾತುರ್ಯ ಅಂತ ಬರೆದುಕೊ” ಎಂದು ಹೇಳಿ ಕಳಿಸಿದೆ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಉತ್ತರ ಸರಿಯಲ್ಲವೆಂದು ನನಗೇ ಗೊತ್ತಿತ್ತು. ಈ ಪದದ ಅರ್ಥವನ್ನು ನನಗೆ ಕಲಿಸಿದವರು ಯಾರು, ಅದನ್ನು ಕಲಿಯಲು ಯಾರು ಬೆಲೆ ತೆತ್ತರು ಎಂಬುದೂ ನೆನಪಿಗೆ ಬಂತು. ಅದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ತಪ್ಪು

2008ರ ಮಾತು. ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮುಗಿಸಿ, ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿ ಎರಡು ವರ್ಷವಾಗಿತ್ತು. ಲೋಕವನ್ನೇ ತಿದ್ದಿಬಿಡುವ ಉತ್ಸಾಹ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಲು ಚುರುಕು. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲರು. ಆ ವರ್ಷ ಅವರಿಗೆ ಬೆನ್ನು ನೋವು ಬಂದು ಎರಡು ತಿಂಗಳು ಮೂಟೆ ಹೊರಲಾಗಿರಲಿಲ್ಲ. ಹುಡುಗಿಯ ಫೀಸು ಬಾಕಿ ಇತ್ತು, ಸಮವಸ್ತ್ರದ ಭುಜದಲ್ಲಿ ಹೊಲಿಗೆ ಬಿಟ್ಟಿತ್ತು.

ನಾನು ಪರಿಚಯದ ಒಬ್ಬರಿಗೆ ವಿಷಯ ತಿಳಿಸಿದೆ. ಅವರು ಝಕಾತ್ ಹಣ ಕೊಟ್ಟರು. “ನನ್ನ ಹೆಸರು ಎಲ್ಲೂ ಹೇಳಬೇಡಿ” ಎಂದರು. ಮುಂದಿನ ಪೋಷಕರ ಸಭೆಯಲ್ಲಿ, ನಲವತ್ತು ಜನ ತಂದೆ ತಾಯಿಯರ ಎದುರಿನಲ್ಲಿ, ನಾನು ಸಂತೋಷದಿಂದಲೇ ಎದ್ದು ನಿಂತು ಆ ತಂದೆಗೆ ಹೇಳಿದೆ: “ನಿಮ್ಮ ಮಗಳ ಫೀಸು, ಬಟ್ಟೆ, ಪುಸ್ತಕ ಎಲ್ಲ ನಾವು ನೋಡಿಕೊಳ್ಳುತ್ತೇವೆ. ನೀವು ಚಿಂತೆ ಮಾಡಬೇಡಿ.”

ಅವರು ಎದ್ದು ನಿಂತರು. “ಮೆಹರ್ಬಾನಿ ಟೀಚರ್” ಎಂದರು. ಮತ್ತೆ ಕೂರಲಿಲ್ಲ, ಹೊರಗೆ ಹೋದರು. ಮಗಳು ತಲೆ ತಗ್ಗಿಸಿ ಕೂತಿದ್ದಳು. ನಾನು ಅದನ್ನು ಕೃತಜ್ಞತೆ ಎಂದುಕೊಂಡೆ.

ಮರುದಿನ ಹುಡುಗಿ ಬರಲಿಲ್ಲ. ಮೂರನೇ ದಿನವೂ ಇಲ್ಲ. ವಾರ ಕಳೆಯಿತು. ಅವಳು ತಾಯಿಯ ಜೊತೆ ಭತ್ತದ ನಾಟಿಗೆ ಹೋಗುತ್ತಿದ್ದಾಳೆ ಎಂದು ಒಬ್ಬಳು ಹೇಳಿದಳು. ಗಂಡು ಹುಡುಕುತ್ತಿದ್ದಾರೆ ಎಂದು ಇನ್ನೊಬ್ಬಳು ಹೇಳಿದಳು.

ಎರಡು ಸಲ ಅವರ ಮನೆಗೆ ಹೋದೆ. ಹೋಗಿ ಏನು ಮಾಡಿದೆ? ಭಾಷಣ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕಾನೂನು ಏನು ಹೇಳುತ್ತದೆ ಎಂದೆ. ವಿದ್ಯೆ ಕಲಿಯುವುದು ಇಸ್ಲಾಮಿನಲ್ಲಿ ಎಷ್ಟು ಮುಖ್ಯ ಎಂದೆ. ಬಾಗಿಲು ತೆರೆದಿತ್ತು, ಅಕ್ಕಪಕ್ಕದವರು ಇಣುಕುತ್ತಿದ್ದರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂದೆ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ. ಸಹೋದರಿಯರೇ, ಅಂದು ನಾನು ಹೇಳಿದ ಒಂದು ಮಾತೂ ಸುಳ್ಳಲ್ಲ. ಆದರೂ ಒಂದೊಂದು ಮಾತಿಗೂ ಆ ಮನೆಯ ಬಾಗಿಲು ಇನ್ನಷ್ಟು ಮುಚ್ಚುತ್ತಾ ಹೋಯಿತು.

ಬಳೆಗಾರ್ತಿ ಖಾಲಾ

ಈಗ ನಮ್ಮ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ಗಂಗಾವತಿಯ ಹತ್ತಿರದ ಶ್ರೀರಾಮನಗರ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿ, ಎಡದಂಡೆ ಕಾಲುವೆಯ ನೀರು ಈ ಕಡೆ ಹರಿದ ಮೇಲೆ, ಆಂಧ್ರದಿಂದ ರೈತರು ಬಂದು ಭತ್ತದ ಗದ್ದೆ ಮಾಡಿದರು. ಅವರು ನೆಲೆಸಿದ ಊರುಗಳನ್ನು ನಮ್ಮ ಜನ ಇಂದಿಗೂ ‘ಕ್ಯಾಂಪ್’ ಎನ್ನುತ್ತಾರೆ. ಗದ್ದೆಯ ಹಿಂದೆ ರೈಸ್ ಮಿಲ್ಲುಗಳು ಬಂದವು, ಮಿಲ್ಲಿನ ಹಿಂದೆ ಕೂಲಿಯವರು ಬಂದರು. ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಒಬ್ಬರು “ಬರ್ರಿ” ಎನ್ನುತ್ತಾರೆ, ಒಬ್ಬರು “ರಂಡಿ” ಎನ್ನುತ್ತಾರೆ, ಒಬ್ಬರು “ಆವೋ ಜೀ” ಎನ್ನುತ್ತಾರೆ. ತೆಲುಗಿನಲ್ಲಿ ಮರ್ಯಾದೆಯಿಂದ ‘ಬನ್ನಿ’ ಎಂದು ಕರೆಯುವ ಮಾತು ಉರ್ದು ಕಿವಿಗೆ ಬೈಗುಳದಂತೆ ಕೇಳುತ್ತದೆ! ಇಂಥ ಊರಿನಲ್ಲಿ ಮಾತು ಬಲ್ಲವರಿಲ್ಲದಿದ್ದರೆ ದಿನಕ್ಕೊಂದು ಜಗಳ.

ಈ ಮೂರೂ ಭಾಷೆಯ ಮನೆಗಳಿಗೆ ಹೋಗಿ ಬರುತ್ತಿದ್ದವರು ನಮ್ಮ ಓಣಿಯ ಬಳೆಗಾರ್ತಿ ಖಾಲಾ. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಹೊರಟರೆ ಸಂಜೆ ಮನೆಗೆ. ಸಹಿ ಮಾಡಲೂ ಬಾರದು, ಹೆಬ್ಬೆಟ್ಟು. ಬಸುರಿ ಇರುವ ಮನೆಗೆ ಹಸಿರು ಬಳೆ ತಾನಾಗಿ ಒಯ್ಯುತ್ತಿದ್ದರು. ಸಾವಾದ ಮನೆಯ ಮುಂದೆ ಬಂದರೆ ಕೂಗು ನಿಲ್ಲಿಸಿ, ಮಲಾರವನ್ನು ಸೆರಗಿನಲ್ಲಿ ಮುಚ್ಚಿ ಸದ್ದಾಗದಂತೆ ದಾಟುತ್ತಿದ್ದರು.

ಅವರು ಬಳೆ ಇಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಾಜಿನ ಬಳೆ ಚಿಕ್ಕದಿರಬೇಕು, ಇಲ್ಲದಿದ್ದರೆ ಕೈಯಲ್ಲಿ ನಿಲ್ಲುವುದಿಲ್ಲ. ಚಿಕ್ಕದಾದರೆ ಏರುವುದಿಲ್ಲ. ಖಾಲಾ ಮೊದಲು ಹುಡುಗಿಯ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ಒತ್ತುತ್ತಿದ್ದರು. ಹೆಬ್ಬೆರಳನ್ನು ಒಳಗೆ ಮಡಚಿಸುತ್ತಿದ್ದರು. ಅಷ್ಟರಲ್ಲಿ ಏನೋ ಒಂದು ಮಾತು ತೆಗೆಯುತ್ತಿದ್ದರು. ಹುಡುಗಿ ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಎಲ್ಲೋ ಒಮ್ಮೆ ಒಡೆದರೂ ‘ಒಡೆಯಿತು’ ಎನ್ನುತ್ತಿರಲಿಲ್ಲ. ಕನ್ನಡದ ಮನೆಯಲ್ಲಿ ‘ಬಳೆ ಹೆಚ್ಚಿತು’ ಎನ್ನುತ್ತಿದ್ದರು, ನಮ್ಮ ಮನೆಗಳಲ್ಲಿ ‘ಠಂಡೀ ಹೋ ಗಯೀ’ ಎನ್ನುತ್ತಿದ್ದರು.

ನಮ್ಮ ಹಿರಿಯರು ಭಾಷೆಯಲ್ಲೇ ಈ ಜಾಣತನ ಕಟ್ಟಿಟ್ಟಿದ್ದಾರೆ, ಗಮನಿಸಿದ್ದೀರಾ? ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ದೀಪ ‘ಆರಿಸು’ ಎನ್ನದೆ ‘ಶಾಂತ ಮಾಡು’ ಎನ್ನುವವರಿದ್ದಾರೆ. ಉರ್ದುವಿನಲ್ಲೂ ‘ಚರಾಗ್ ಬಢಾವೋ’ ಎಂದರೆ ದೀಪ ಆರಿಸು ಎಂದೇ ಅರ್ಥ, ‘ದುಕಾನ್ ಬಢಾವೋ’ ಎಂದರೆ ಅಂಗಡಿ ಮುಚ್ಚು. ವಿಷಯ ಮುಚ್ಚಿಡಲಿಲ್ಲ, ಕೇಳುವವರ ಮನಸ್ಸಿಗೆ ತಾಗುವ ಮೊನೆಯನ್ನು ಮಾತ್ರ ಮೊಂಡು ಮಾಡಿದರು.

ಹುಡುಗಿಯ ವಿಷಯ ತಿಳಿದು ಒಂದು ಸಂಜೆ ಖಾಲಾ ನನ್ನ ಮನೆಗೆ ಬಂದರು. ನಾನು ಎಲ್ಲ ಹೇಳಿಕೊಂಡೆ. ಅವರು ಚಹಾ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದರು: “ಬೇಟಿ, ನೀ ಹೇಳಿದ್ದು ಖರೇನ ಐತಿ. ಹೇಳಿದ ಜಾಗಾ ಸರಿ ಇಲ್ಲ. ಕೊಟ್ಟವರ ಹೆಸರು ಮುಚ್ಚಿಟ್ಟಿ, ತಗೊಂಡವರ ಹೆಸರು ಊರಿಗೆಲ್ಲ ಹೇಳಿದಿ.”

ಎದೆಗೆ ಚುಚ್ಚಿದಂತಾಯಿತು. ಅಲ್-ಬಕರಾ ಅಧ್ಯಾಯ ನನಗೆ ಕಂಠಪಾಠವಿತ್ತು. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರ ಮನ ನೋಯಿಸಿ ನಿಮ್ಮ ದಾನವನ್ನು ವ್ಯರ್ಥ ಮಾಡಿಕೊಳ್ಳಬೇಡಿ ಎಂದು ಅಲ್ಲಾಹನು ಅಲ್ಲಿ ಎಚ್ಚರಿಸಿದ್ದಾನೆ. ಮನ ನೋಯಿಸುವ ದಾನಕ್ಕಿಂತ ಒಂದು ಒಳ್ಳೆಯ ಮಾತು ಮೇಲು ಎಂದೂ ಅಲ್ಲೇ ಇದೆ. ಮಕ್ಕಳಿಗೆ ಅದರ ಅರ್ಥ ಬಿಡಿಸಿ ಹೇಳಿದ್ದೆ ಕೂಡ. ಖಾಲಾಗೆ ಅದು ಎಷ್ಟನೇ ವಚನ ಎಂದು ಗೊತ್ತಿರಲಿಲ್ಲ. ಅದರಂತೆ ನಡೆಯುವುದು ಹೇಗೆಂದು ಗೊತ್ತಿತ್ತು. ನನ್ನಲ್ಲಿ ತಿಳಿವಿತ್ತು, ಮಾಡಬಲ್ಲ ತಿಳಿವು ಇರಲಿಲ್ಲ.

ಖಾಲಾ ಮಾಡಿದ್ದು ಏನು?

ಎರಡು ದಿನ ಬಿಟ್ಟು, ತಂದೆ ಮನೆಯಲ್ಲಿ ಒಬ್ಬರೇ ಇರುವ ಹೊತ್ತು ನೋಡಿ ಅವರು ಹೋದರು. ಶಾಲೆಯ ಮಾತೇ ಎತ್ತಲಿಲ್ಲವಂತೆ. ಬೆನ್ನು ಹೇಗಿದೆ ಎಂದು ಕೇಳಿದರು. ಆಮೇಲೆ ತನ್ನ ಕಷ್ಟ ಹೇಳಿಕೊಂಡರು: “ಉದ್ರಿ ಲೆಕ್ಕ ತಪ್ಪಾಕತ್ತೈತಪ್ಪಾ. ಯಾರ ಮನ್ಯಾಗ ಎಷ್ಟು ಡಜನ್ ಕೊಟ್ಟೀನಿ, ಎಷ್ಟು ಬಂತು, ನೆನಪ ಉಳಿಯವಲ್ದು. ನಿನ್ನ ಮಗಳು ಲೆಕ್ಕದಾಗ ಭಾಳ ಶಾಣ್ಯಾಕಿ ಅಂತ ಊರಾಗ ಅಂತಾರ. ವಾರಕ್ಕೊಮ್ಮೆ ನನ್ನ ಲೆಕ್ಕ ಬರದು ಕೊಡ್ಲಿ. ಪುಕ್ಕಟೆ ಬ್ಯಾಡ, ಆಕಿ ದುಡಿಮಿಗೆ ರೊಕ್ಕ ಕೊಡ್ತೀನಿ.”

ನಾಟಿಗೆ ಹೋಗಿ ಕೈ ಒರಟಾಗಿದ್ದ ಮಗಳನ್ನು ಕರೆದು ತಂದೆ “ಖಾಲಾಗೆ ಲೆಕ್ಕ ಬರೆದು ಕೊಡು” ಎಂದರಂತೆ. ಬೇಡುವವರ ಮನೆಯಾಗಿದ್ದ ಮನೆ ಒಂದು ಗಳಿಗೆಯಲ್ಲಿ ಕೊಡುವವರ ಮನೆಯಾಯಿತು. ಎರಡನೇ ವಾರ ಲೆಕ್ಕ ನೋಡುತ್ತಾ ಖಾಲಾ ಸಹಜವಾಗಿ ಅಂದರು: “ಈಗ ಬಡ್ಡಿ, ಶೇಕಡಾ ಅಂತ ಏನೇನೋ ಬರ್ತಾವಂತಲ್ಲ, ಅದು ಮುಂದಿನ ಪುಸ್ತಕದಾಗ ಇರ್ತದೇನು? ಇಲ್ಲೀಗೆ ಬಿಟ್ರ ನನ್ನ ಲೆಕ್ಕ ಅರ್ಧಕ್ಕ ನಿಲ್ತೈತಿ ನೋಡಪ್ಪಾ.” ತಂದೆ ಏನೂ ಹೇಳಲಿಲ್ಲ. ಆ ಸೋಮವಾರ ಮಗಳ ಚೀಲವನ್ನು ತಾವೇ ಗೂಟದಿಂದ ತೆಗೆದು ಕೊಟ್ಟರು.

ಹಿಂದಿನ ದಿನವೇ ಖಾಲಾ ನನಗೆ ಎಚ್ಚರಿಕೆ ಹೇಳಿ ಕಳಿಸಿದ್ದರು: “ನಾಳೆ ಆಕಿ ಬಂದ್ರ ಏನೂ ಕೇಳಬ್ಯಾಡ. ಬಂದಿಯಾ, ಭಾಳ ಛಲೋ ಆತು ಅನ್ನಬ್ಯಾಡ. ಹೆಸರು ಕೂಗು, ಅಷ್ಟ.”

ಹಾಗೆಯೇ ಮಾಡಿದೆ. ಹಾಜರಿ ಕೂಗುತ್ತಾ ಬಂದು ಅವಳ ಹೆಸರು ಹೇಳುವಾಗ ಗಂಟಲು ಕಟ್ಟಿತು. ಆದರೂ ಉಳಿದ ಹೆಸರುಗಳನ್ನು ಕೂಗಿದಂತೆಯೇ ಕೂಗಿದೆ. “ಎಸ್ ಟೀಚರ್” ಎಂದಳು. ಮುಂದಿನ ಹೆಸರಿಗೆ ಹೋದೆ. ಫೀಸು ಯಾವಾಗಲೋ ಕಟ್ಟಿಯಾಗಿತ್ತು, ಆ ಬಗ್ಗೆ ಯಾರೂ ಮಾತಾಡಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ದಾಟಿದಳು, ಪಿಯುಸಿ ಮುಗಿಸಿದಳು. ಈಗ ಎರಡು ಮಕ್ಕಳ ತಾಯಿ. ಗಂಡನ ಅಂಗಡಿಯ ಲೆಕ್ಕವೆಲ್ಲ ಅವಳ ಕೈಯಲ್ಲೇ.

ಮುಖಸ್ತುತಿ ಅಲ್ಲ, ಮೌನವೂ ಅಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬರಬಾರದು. ಸಾವ್ವಾರ್ ಫೇರ್ ಎಂದರೆ ಎಲ್ಲರನ್ನೂ ಹೊಗಳಿ ಕೆಲಸ ಸಾಧಿಸುವುದಲ್ಲ. ಖಾಲಾ ಆ ತಂದೆಯನ್ನು ಹೊಗಳಲಿಲ್ಲ, ಸುಳ್ಳೂ ಹೇಳಲಿಲ್ಲ. ಅವರ ಉದ್ರಿ ಲೆಕ್ಕ ನಿಜವಾಗಿಯೂ ತಪ್ಪುತ್ತಿತ್ತು! ನನಗೆ ಹೇಳಬೇಕಾದ ಕಹಿ ಮಾತನ್ನು ನೇರವಾಗಿಯೇ ಹೇಳಿದರು. ಆದರೆ ಚಹಾ ಮುಗಿಸಿ, ನಾವಿಬ್ಬರೇ ಇದ್ದಾಗ ಹೇಳಿದರು.

ಇಂಗ್ಲಿಷಿನಲ್ಲಿ ‘ಟ್ಯಾಕ್ಟ್’ ಎಂಬ ಇನ್ನೊಂದು ಪದವಿದೆ. ಅದರ ಮೂಲ ಅರ್ಥ ‘ಸ್ಪರ್ಶ’. ಬಳೆ ಇಡಿಸುವ ಕೈ ನೆನಪಾಗುವುದಿಲ್ಲವೇ? ಎಷ್ಟು ಒತ್ತಿದರೆ ಬಳೆ ಏರುತ್ತದೆ, ಎಷ್ಟು ಒತ್ತಿದರೆ ಒಡೆದು ಕೈ ಕೊಯ್ಯುತ್ತದೆ ಎಂದು ಮುಟ್ಟಿಯೇ ತಿಳಿಯಬೇಕು.

‘ಸಲೀಖಾ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅರಬಿಯಲ್ಲಿ ಈ ಪದಕ್ಕೆ ಸಹಜವಾಗಿ ಬಂದ ಗುಣ ಎಂದು ಅರ್ಥ. ನಾವು ಅದನ್ನು ಎಷ್ಟೋ ಸಲ ‘ಬಾಯಿ ಮುಚ್ಚಿಕೊಂಡಿರು’ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದು ಸಲೀಖಾ ಅಲ್ಲ. ಫಿರ್‌ಔನನ ಬಳಿಗೆ ಹಝ್ರತ್ ಮೂಸಾ(ಅ) ಮತ್ತು ಹಾರೂನ್(ಅ)ರನ್ನು ಕಳಿಸುವಾಗ ಮೃದುವಾಗಿ ಮಾತಾಡಿ ಎಂದು ಅಲ್ಲಾಹನು ಆಜ್ಞಾಪಿಸಿದನು. ಮಾತಾಡಬೇಡಿ ಎನ್ನಲಿಲ್ಲ. ಅನ್ಯಾಯ ಕಂಡಾಗ ಸುಮ್ಮನಿರಲು ಸಲೀಖಾ ನೆಪವಾಗಬಾರದು. ಹಾಗೆಯೇ ‘ನಾನು ಸತ್ಯ ಹೇಳುವವಳು’ ಎಂಬುದು ನಾಲಗೆ ಹರಿಬಿಡಲು ಪರವಾನಗಿಯೂ ಅಲ್ಲ.

ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಒಬ್ಬ ಹಳ್ಳಿಗ ತಿಳಿಯದೆ ಮೂತ್ರ ಮಾಡತೊಡಗಿದ ಘಟನೆ ನಿಮಗೆಲ್ಲ ಗೊತ್ತು. ಸಹಾಬಿಗಳು ಸಿಟ್ಟಿನಿಂದ ಎದ್ದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅವನು ಮುಗಿಸುವವರೆಗೆ ಬಿಡಲು ಹೇಳಿ, ಆ ಜಾಗಕ್ಕೆ ಒಂದು ಬಕೆಟ್ ನೀರು ಸುರಿಸಿದರು. ಬಳಿಕ ಮಸೀದಿ ಯಾವುದಕ್ಕಾಗಿ ಇದೆ ಎಂದು ಅವನಿಗೆ ತಿಳಿಸಿದರು. ತಪ್ಪು ತಿದ್ದಲ್ಪಟ್ಟಿತು, ಮನುಷ್ಯನೂ ಉಳಿದನು. ನಾನು ತಪ್ಪು ತಿದ್ದಲು ಹೋಗಿ ಹುಡುಗಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ನಮ್ಮ ಮನೆಗಳಲ್ಲಿ

ಈಗ ನಮ್ಮ ದಿನನಿತ್ಯದ ಬದುಕಿನ ಕಡೆ ನೋಡೋಣ. ಮದುವೆಯಾಗಿ ನಾಲ್ಕು ವರ್ಷವಾದ ಸೊಸೆಯನ್ನು ಶಾದಿಯ ಊಟದ ಸಾಲಿನಲ್ಲಿ “ಇನ್ನೂ ಏನೂ ವಿಶೇಷ ಇಲ್ವಾ?” ಎಂದು ಕೇಳುತ್ತೇವೆ. ಕಾಳಜಿಯೇ ಇರಬಹುದು. ಆದರೆ ಅವಳು ಆ ಮೇಲೆ ಯಾವ ಮದುವೆಗೂ ಬರಲಾರಳು. ಹುಡುಗಿ ನೋಡಲು ಹೋಗಿ, ಬೇಡವೆನಿಸಿದರೆ ಮೈಬಣ್ಣದ ಕಾರಣ ಹೇಳಿ ಕಳಿಸುತ್ತೇವೆ. ‘ಇಸ್ತಿಖಾರಾ ಮಾಡಿದೆವು, ಮನಸ್ಸು ಒಪ್ಪಲಿಲ್ಲ’ ಎಂಬ ಸುಳ್ಳೂ ಬೇಡ, ‘ಕಪ್ಪು’ ಎಂಬ ಕಟುಮಾತೂ ಬೇಡ. ‘ನಮಗೆ ಕೂಡಿಬರಲಿಲ್ಲ, ನಿಮ್ಮ ಮಗಳಿಗೆ ಅಲ್ಲಾಹನು ಒಳ್ಳೆಯದು ಮಾಡಲಿ’ ಎಂದರೆ ಸಾಕು. ಬೇಗ ಹೇಳಿದರೆ ಇನ್ನೂ ಒಳ್ಳೆಯದು, ಅವರನ್ನು ತಿಂಗಳುಗಟ್ಟಲೆ ಕಾಯಿಸುವುದು ದೊಡ್ಡ ಕಟುಕತನ.

ಪಕ್ಕದ ಮನೆಯ ತೆಲುಗು ಅಕ್ಕ ಮಾಂಸ ತಿನ್ನದವರಾದರೆ, ಈದ್ ದಿನ ಬಿರಿಯಾನಿಯ ಅದೇ ಸೌಟು ಸೇಮಿಯಾಕ್ಕೆ ಹಾಕಿ ಕಳಿಸಬಾರದು. ಬೇರೆ ಪಾತ್ರೆಯಲ್ಲಿ ಮೊದಲೇ ತೆಗೆದಿಟ್ಟು, ಅದನ್ನು ಅವರಿಗೆ ತಿಳಿಸಿ ಕೊಡಬೇಕು. ಇದಕ್ಕೆ ದೊಡ್ಡ ಭಾಷಣದ ಸೌಹಾರ್ದ ಬೇಡ, ಒಂದು ಪ್ರತ್ಯೇಕ ಸೌಟು ಸಾಕು.

ಇನ್ನು ಮೊಬೈಲ್. ಅಂದು ನಾನು ನಲವತ್ತು ಜನರ ಮುಂದೆ ಮಾಡಿದ ತಪ್ಪನ್ನು ಇಂದು ನಾವು ನಾಲ್ಕು ನೂರು ಜನರ ಮುಂದೆ ಮಾಡುತ್ತಿದ್ದೇವೆ. 2020ರ ಲಾಕ್‌ಡೌನಿನಲ್ಲಿ ನೆನಪಿದೆಯೇ? ಐದು ಕಿಲೋ ಅಕ್ಕಿಯ ಕಿಟ್ ಕೈಗಿಡುವಾಗ ಫೋಟೊ, ಆ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಿಗೆ. ಪಡೆದವರ ಮಕ್ಕಳೂ ಆ ಗುಂಪಿನಲ್ಲಿ ಇರಬಹುದೆಂದು ಯಾರೂ ಯೋಚಿಸಲಿಲ್ಲ. ರಮಝಾನಿನಲ್ಲಿ ಈ ಫೋಟೊಗಳು ಇಂದಿಗೂ ಬರುತ್ತವೆ. ಲೆಕ್ಕ ತೋರಿಸಬೇಕೆಂದರೆ ರಸೀದಿ ತೋರಿಸಿ, ಚೀಲಗಳ ಫೋಟೊ ತೋರಿಸಿ. ಮುಖ ಯಾಕೆ?

ನಮ್ಮ ಕನ್ನಡದಲ್ಲಿ ಗಾದೆಯಿದೆ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಆ ‘ಬಲ್ಲ’ ಎಂಬ ಎರಡಕ್ಷರದಲ್ಲಿ ಫ್ರೆಂಚರ ಎರಡು ಪದಗಳೂ ಅಡಗಿವೆ. ನಮ್ಮ ಗದ್ದೆಯವರು ಅದನ್ನೇ ‘ಹದ’ ಎನ್ನುತ್ತಾರೆ: ಹದ ನೋಡಿ ಹರಗು, ಬೆದೆ ನೋಡಿ ಬಿತ್ತು. ಬೀಜ ಎಷ್ಟೇ ಒಳ್ಳೆಯದಿರಲಿ, ಹದ ತಪ್ಪಿ ಬಿತ್ತಿದರೆ ಮೊಳೆಯುವುದಿಲ್ಲ. ಒಳ್ಳೆಯ ಮಾತು, ಒಳ್ಳೆಯ ದಾನ, ಒಳ್ಳೆಯ ಉಪದೇಶ ಎಲ್ಲವೂ ಬೀಜವೇ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದು ಹೇಳಿದೆ: “ಚಾತುರ್ಯ ಎಂದು ಬರೆದದ್ದನ್ನು ಹೊಡೆದುಹಾಕು. ‘ಹದ ಬಲ್ಲ ಗುಣ’ ಎಂದು ಬರೆ.” “ಅದ್ಯಾವ ನಿಘಂಟಿನಲ್ಲಿದೆ ಅಮ್ಮೀ?” ಎಂದಳು. ಆಗ ಅವಳನ್ನು ಕೂರಿಸಿಕೊಂಡು ಬಳೆಗಾರ್ತಿ ಖಾಲಾನ ಕಥೆ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ.

ಖಾಲಾ ಈಗಿಲ್ಲ. ಅಲ್ಲಾಹನು ಅವರ ಗೋರಿಯನ್ನು ಬೆಳಗಿಸಲಿ. ನಿಮ್ಮ ಓಣಿಯಲ್ಲೂ ಅಂಥ ಒಬ್ಬರು ಇರಬಹುದು. ಸಹಿ ಹಾಕಲು ಬಾರದ, ಆದರೆ ಮುರಿದ ಮನೆಗಳಿಗೆ ಸದ್ದಿಲ್ಲದೆ ಹೋಗಿ ಬರುವ ಒಬ್ಬ ನಾನೀ, ಒಬ್ಬ ಫೂಫಿ, ಒಬ್ಬ ಅಜ್ಜಿ. ಈ ತಿಂಗಳು ಅವರ ಬಳಿ ಸ್ವಲ್ಪ ಹೊತ್ತು ಕೂತು ಬನ್ನಿ. ಮತ್ತೆ, ಯಾರಿಗಾದರೂ ಒಳ್ಳೆಯದು ಮಾಡಲು ಹೊರಟಿದ್ದರೆ, ಹೊಸ್ತಿಲು ದಾಟುವ ಮೊದಲು ಒಂದು ಕ್ಷಣ ನಿಂತು ಕೇಳಿಕೊಳ್ಳಿ: ನಾನು ಹೊರಬಂದ ಮೇಲೂ ಆ ಮನೆಯವರು ತಲೆಯೆತ್ತಿ ಬಾಗಿಲಲ್ಲಿ ನಿಲ್ಲಬಲ್ಲರೇ?

ಒಳ್ಳೆಯದನ್ನು ಮಾಡುವ ಮನಸ್ಸನ್ನೂ, ಅದನ್ನು ಹದವಾಗಿ ಮಾಡುವ ಹಿಕ್ಮತ್ತನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.